ಪ್ರಬಂಧವನ್ನು ಓದುವವರು ಯಾರು?

ವಿದ್ಯಾರ್ಥಿಯೊಬ್ಬನು ಬರೆಯುವ ಪ್ರಬಂಧಕ್ಕೆ ಓದುಗರೆಷ್ಟು ಮಂದಿ? ಒಬ್ಬರೇ, ಅದೂ ಕೆಂಪು ಶಾಯಿಯ ಲೇಖನಿ ಹಿಡಿದ ಅಧ್ಯಾಪಕರು. ಅವರಾದರೂ ಪ್ರೀತಿಯಿಂದ ಓದುವರೆಂದು ಹೇಳುವಂತಿಲ್ಲ. ಎಪ್ಪತ್ತು ಪುಸ್ತಕಗಳ ಕಟ್ಟನ್ನು ಮುಂದಿಟ್ಟುಕೊಂಡು ಕುಳಿತವರಿಗೆ ಪ್ರೀತಿ ಎಲ್ಲಿಂದ ಬರಬೇಕು? ಅಂಕ ಬಿದ್ದ ಮರುದಿನ ಆ ಬರಹದ ಆಯುಸ್ಸು ಮುಗಿಯಿತು. ಮುಂದೆ ಅದು ಕಡಲೆಕಾಯಿಯ ಪೊಟ್ಟಣ. ತನ್ನ ಬರಹಕ್ಕೆ ಇದೇ ಗತಿಯೆಂದು ಬಲ್ಲ ಹುಡುಗ ಮನಸ್ಸಿಟ್ಟು ಬರೆಯಲಿಲ್ಲವೆಂದು ದೂರುವುದು ನ್ಯಾಯವೇ?

ಆ ಒಬ್ಬ ಓದುಗನ ಜಾಗದಲ್ಲಿ ಲೋಕವನ್ನೇ ತಂದು ಕೂರಿಸಬಲ್ಲ ಸಾಧನವೊಂದುಂಟು. ಅದರ ಹೆಸರು ವಿಕಿ. ಹವಾಯಿ ಭಾಷೆಯಲ್ಲಿ ಈ ಮಾತಿಗೆ ‘ಬೇಗ’ ಎಂದರ್ಥ. ಹೊನೊಲುಲು ವಿಮಾನ ನಿಲ್ದಾಣದಲ್ಲಿ ಪ್ರಯಾಣಿಕರನ್ನು ಒಯ್ಯುವ ಬಸ್ಸಿಗೆ ‘ವಿಕಿ ವಿಕಿ’ ಎಂಬ ಹೆಸರಿದ್ದುದನ್ನು ನೆನೆದು, ಅಮೆರಿಕದ ವಾರ್ಡ್ ಕನ್ನಿಂಗ್‌ಹ್ಯಾಮ್ ಎಂಬವರು ೧೯೯೫ರಲ್ಲಿ ತಮ್ಮ ಜಾಲತಾಣಕ್ಕೆ ಅದನ್ನೇ ಇಟ್ಟರು. ಇಲ್ಲಿ ಓದುವವನೇ ಪುಟವನ್ನು ತಿದ್ದಬಹುದು. ತಿದ್ದುಪಡಿ ಕೆಟ್ಟದಾದರೆ ಹಿಂದಿನ ಪ್ರತಿ ಅಳಿಯದೆ ಉಳಿದಿರುತ್ತದೆ. ಯಾವ ಗಳಿಗೆಯಲ್ಲಿ ಯಾರು ಏನನ್ನು ಬದಲಿಸಿದರೆಂಬುದು ‘ಇತಿಹಾಸ’ದ ಪುಟದಲ್ಲಿ ದಾಖಲಾಗುತ್ತದೆ. ವಾದವಿವಾದಕ್ಕೆ ಪಕ್ಕದಲ್ಲಿಯೇ ಬೇರೊಂದು ಪುಟ. ೨೦೦೧ರಲ್ಲಿ ಹುಟ್ಟಿದ ವಿಕಿಪೀಡಿಯ ವಿಶ್ವಕೋಶ ಬೆಳೆದುದು ಈ ಉಪಾಯದಿಂದಲೇ.

೨೦೦೮ರಲ್ಲಿ ಕೆನಡಾದ ಬ್ರಿಟಿಷ್ ಕೊಲಂಬಿಯಾ ವಿಶ್ವವಿದ್ಯಾನಿಲಯದಲ್ಲಿ ಲ್ಯಾಟಿನ್ ಅಮೆರಿಕದ ಸಾಹಿತ್ಯವನ್ನು ಬೋಧಿಸುತ್ತಿದ್ದ ಜಾನ್ ಬೀಸ್ಲಿ-ಮರೆ ಒಂದು ಸಾಹಸಕ್ಕೆ ಕೈಹಾಕಿದರು. ತರಗತಿಯನ್ನು ತಂಡಗಳಾಗಿ ವಿಂಗಡಿಸಿ, ಪಾಠದ ಲೇಖಕರನ್ನೂ ಕಾದಂಬರಿಗಳನ್ನೂ ಕುರಿತು ವಿಕಿಪೀಡಿಯದಲ್ಲಿಯೇ ಬರೆಯಬೇಕೆಂದು ವಿಧಿಸಿದರು. ಲೇಖನವು ಅಲ್ಲಿನ ಅತ್ಯುನ್ನತ ದರ್ಜೆಯಾದ ‘ವಿಶೇಷ ಲೇಖನ’ವಾದರೆ ಆ ತಂಡಕ್ಕೆ ಅತ್ಯುನ್ನತ ಶ್ರೇಣಿ! ಆದರೆ ಆ ದರ್ಜೆಯನ್ನು ಕೊಡುವವರು ಅಧ್ಯಾಪಕರಲ್ಲ. ಮುಖಪರಿಚಯವಿಲ್ಲದ ಸ್ವಯಂಸೇವಕ ಸಂಪಾದಕರು. ‘ಈ ಮಾತಿಗೆ ಆಧಾರವೇನು?’ ಎಂಬುದೇ ಅವರ ಪಲ್ಲವಿ. ಉತ್ತರವನ್ನು ಹುಡುಕಿಕೊಂಡು ವಿದ್ಯಾರ್ಥಿಗಳು ಗ್ರಂಥಾಲಯಕ್ಕೆ ಹೋಗಲೇಬೇಕಾಯಿತು. ಗ್ವಾಟೆಮಾಲದ ಮಿಗೆಲ್ ಆಂಖೆಲ್ ಆಸ್ತೂರಿಯಾಸ್ ಅವರ ‘ಎಲ್ ಸೆನ್ಯೋರ್ ಪ್ರೆಸಿದೆಂತೆ’ ಎಂಬ ಕಾದಂಬರಿಯ ಲೇಖನವೂ ಸೇರಿದಂತೆ ಮೂರು ಲೇಖನಗಳು ಆ ಪದವಿಗೇರಿದವು.

ಇದೇ ಸಾಧನ ನಮ್ಮ ದೇಶದಲ್ಲಿ ಮೊದಲು ತಂದದ್ದು ಅಪಕೀರ್ತಿಯನ್ನು. ೨೦೧೧ರಲ್ಲಿ ಪುಣೆಯ ಕೆಲವು ಕಾಲೇಜುಗಳಲ್ಲಿ ನೂರಾರು ವಿದ್ಯಾರ್ಥಿಗಳನ್ನು ಒಮ್ಮೆಗೇ ಇಂಗ್ಲಿಷ್ ವಿಕಿಪೀಡಿಯಕ್ಕೆ ಇಳಿಸಲಾಯಿತು. ಅವರಲ್ಲಿ ಅನೇಕರು ಪಠ್ಯಪುಸ್ತಕಗಳಿಂದಲೂ ಜಾಲತಾಣಗಳಿಂದಲೂ ಪುಟಗಟ್ಟಲೆ ನಕಲು ಮಾಡಿ ಹಾಕಿದರು. ಅದನ್ನು ತೊಳೆಯುವ ಹೊರೆ ದೂರದ ಸ್ವಯಂಸೇವಕರ ತಲೆಗೆ ಬಿತ್ತು. ವರ್ಷ ಮುಗಿಯುವುದರೊಳಗೆ ಯೋಜನೆಯೇ ನಿಂತಿತು. ಮಕ್ಕಳನ್ನು ಕಳ್ಳರೆನ್ನಲು ನನಗೆ ಮನಸ್ಸಿಲ್ಲ. ಗೈಡಿನಲ್ಲಿದ್ದುದನ್ನು ಅಕ್ಷರ ತಪ್ಪದೆ ಒಪ್ಪಿಸಿದವನಿಗೆ ಬಾಲ್ಯದಿಂದಲೂ ಪೂರ್ಣಾಂಕ ಕೊಟ್ಟವರು ನಾವೇ ಅಲ್ಲವೇ?

ಇಂಗ್ಲಿಷಿಗಿಂತ ಕನ್ನಡದಲ್ಲಿ ಈ ಕೆಲಸಕ್ಕೆ ಹೆಚ್ಚು ಅರ್ಥವುಂಟು. ಕನ್ನಡ ವಿಕಿಪೀಡಿಯ ಪ್ರಾರಂಭವಾದುದು ೨೦೦೩ರಲ್ಲಿ. ಇಂಗ್ಲಿಷಿನಲ್ಲಿ ಲೇಖನಗಳ ಸಂಖ್ಯೆ ಅರವತ್ತು ಲಕ್ಷವನ್ನು ಮೀರಿದ್ದರೆ, ಕನ್ನಡದಲ್ಲಿ ಅದು ಇನ್ನೂ ಸಾವಿರಗಳ ಲೆಕ್ಕದಲ್ಲಿದೆ. ಇಲ್ಲಿ ವಿದ್ಯಾರ್ಥಿ ಬರೆದ ಒಂದು ಪುಟ ನಿಜವಾಗಿಯೂ ಒಂದು ಖಾಲಿ ಜಾಗವನ್ನು ತುಂಬಬಲ್ಲದು. ೨೦೧೩ರಲ್ಲಿ ಬೆಂಗಳೂರಿನ ಕ್ರೈಸ್ಟ್ ವಿಶ್ವವಿದ್ಯಾಲಯವು ಭಾಷಾ ತರಗತಿಗಳ ವಿದ್ಯಾರ್ಥಿಗಳನ್ನು ಇಂತಹ ಬರವಣಿಗೆಗೆ ತೊಡಗಿಸಿತು. ಕನ್ನಡದಲ್ಲಿ ಬೆರಳಚ್ಚಿಸುವುದನ್ನು ಕಲಿಯುವುದೇ ಮೊದಲ ಪಾಠ. ಸರಿಯಾದ ಪಾರಿಭಾಷಿಕ ಪದವನ್ನು ಹುಡುಕುವುದು ಎರಡನೆಯದು.

ತೊಡಕೊಂದುಂಟು. ತನ್ನೂರಿನ ಜಾತ್ರೆಯನ್ನು ಕುರಿತು ಅಜ್ಜಿ ಹೇಳಿದುದನ್ನು ಹುಡುಗಿಯೊಬ್ಬಳು ಬರೆದಳೆನ್ನೋಣ. ಯಾವ ಗ್ರಂಥದಲ್ಲಿಯೂ ಇಲ್ಲದ ಆ ಸಂಗತಿ ಎಷ್ಟು ಸತ್ಯವಾಗಿದ್ದರೂ ವಿಕಿಪೀಡಿಯಕ್ಕೆ ಸಲ್ಲದು. ಪ್ರಕಟವಾದ ಆಧಾರ ಬೇಕೇ ಬೇಕು. ವಿಶ್ವಕೋಶಕ್ಕೆ ಈ ಕಟ್ಟುಪಾಡು ಅವಶ್ಯಕವೆಂಬುದನ್ನು ಒಪ್ಪಬಹುದು. ಆದರೆ ಅಜ್ಜಿಯನ್ನು ಕಳೆದುಕೊಳ್ಳುವುದು ಹೇಗೆ?

ಅದಕ್ಕೆ ತರಗತಿಯ ಸ್ವಂತ ವಿಕಿಯೇ ದಾರಿ. ವಿಕಿಪೀಡಿಯವನ್ನು ನಡೆಸುವ ‘ಮೀಡಿಯವಿಕಿ’ ತಂತ್ರಾಂಶ ಉಚಿತವಾಗಿ ದೊರೆಯುತ್ತದೆ. ಶಾಲೆಯ ಗಣಕಯಂತ್ರದಲ್ಲಿಯೇ ಸ್ಥಾಪಿಸಿ, ಹೊರಗಿನವರು ಕಾಣದಂತೆಯೂ ಇಟ್ಟುಕೊಳ್ಳಬಹುದು. ಎಳೆಯ ಮಕ್ಕಳಿಗೆ ಇದೇ ಕ್ಷೇಮ. ಒಬ್ಬಳು ಜಾತ್ರೆಯ ಕಥೆಯನ್ನು ಬರೆಯಲಿ; ಪಕ್ಕದ ಬೀದಿಯ ಇನ್ನೊಬ್ಬ ‘ನಮ್ಮ ತಾತ ಬೇರೆ ಹೇಳುತ್ತಾರೆ’ ಎಂದು ಚರ್ಚೆಯ ಪುಟದಲ್ಲಿ ಆಕ್ಷೇಪಿಸಲಿ.

ಪ್ರಬಂಧವನ್ನು ಕ್ಷಣಮಾತ್ರದಲ್ಲಿ ಬರೆದುಕೊಡುವ ಯಂತ್ರಗಳೂ ಈಗ ಬಂದಿವೆ. ಆದುದರಿಂದ ಅಧ್ಯಾಪಕರು ಸಿದ್ಧವಾದ ಪುಟಕ್ಕಿಂತ ಅದರ ‘ಇತಿಹಾಸ’ಕ್ಕೆ ಅಂಕ ಕೊಡುವುದು ಮೇಲು. ಒಂದೇ ಏಟಿಗೆ ಬಂದು ಬಿದ್ದ ಸಾವಿರ ಪದಗಳು ಯಾವುವು, ಮೂರು ವಾರಗಳ ಕಾಲ ದಿನಕ್ಕೆರಡು ಸಾಲಿನಂತೆ ತಿದ್ದಿ ಬೆಳೆಸಿದ್ದು ಯಾವುದು ಎಂಬುದು ಆ ಪುಟವನ್ನು ತೆರೆದೊಡನೆ ಬಹುಮಟ್ಟಿಗೆ ಕಾಣುತ್ತದೆ.