ಓದು ಮೊದಲೋ, ವೃತ್ತಿ ಮೊದಲೋ?

ತುಮಕೂರಿನಿಂದ ಸುಮಾರು 20 ಕಿಲೋಮೀಟರ್ ದೂರದಲ್ಲಿರುವ ಗುಬ್ಬಿಯು ವೃತ್ತಿರಂಗಭೂಮಿಯಿಂದ ಹೆಸರಾದ ಊರು. 1884ರಲ್ಲಿ ಅಲ್ಲಿ ಹುಟ್ಟಿದ ನಾಟಕ ಕಂಪನಿಯು ಗುಬ್ಬಿ ವೀರಣ್ಣನವರ ಕಾಲದಲ್ಲಿ ನಾಡಿನ ಮನೆಮಾತಾಯಿತು. ಅದು ಎಳೆಯರನ್ನು ಸೂಜಿಗಲ್ಲಿನಂತೆ ಸೆಳೆಯುತ್ತಿತ್ತು. ವೀರಣ್ಣನವರೇ ಎಳವೆಯಲ್ಲಿ ಬಣ್ಣ ಹಚ್ಚಿದವರು. ಮುಂದೆ ಡಾ. ರಾಜ್‌ಕುಮಾರ್ ಎಂದು ಪ್ರಸಿದ್ಧರಾದ ಮುತ್ತುರಾಜರೂ ಬಾಲ್ಯದಲ್ಲಿಯೇ ಶಾಲೆಯನ್ನು ಬಿಟ್ಟು ರಂಗವನ್ನೇರಿದರು.

ಹಾಗಾದರೆ ಓದನ್ನು ನಡುವೆಯೇ ತೊರೆದು ವೃತ್ತಿಯನ್ನು ಹಿಡಿಯುವುದು ಉಚಿತವೇ? ಗೆದ್ದವರ ಹೆಸರು ನಮಗೆ ಗೊತ್ತು. ಪರದೆಯ ಹಿಂದೆಯೇ ಉಳಿದುಹೋದವರ ಹೆಸರನ್ನು ಹೇಳುವವರಿಲ್ಲ. ಈ ಮಾತನ್ನು ಮರೆತು ತೀರ್ಪು ಕೊಡಲಾಗದು.

ಅಮೆರಿಕದ ಕಾಲೇಜುಗಳ ಬ್ಯಾಸ್ಕೆಟ್‌ಬಾಲ್ ಆಟಗಾರರಿಗೂ ಇದೇ ಸಂದಿಗ್ಧ. ಅಲ್ಲಿಯ ಎನ್.ಬಿ.ಎ. ಎಂಬ ವೃತ್ತಿಪರ ಸಂಸ್ಥೆಯು ವರ್ಷಕ್ಕೊಮ್ಮೆ ಎರಡು ಸುತ್ತುಗಳಲ್ಲಿ ಸುಮಾರು 60 ಹೊಸಬರನ್ನು ಆರಿಸಿಕೊಳ್ಳುತ್ತದೆ. 2005ರಲ್ಲಿ ಒಪ್ಪಿತವಾದ ನಿಯಮದಂತೆ ಆಟಗಾರನಿಗೆ ಆ ವರ್ಷ 19 ತುಂಬಬೇಕು. ಅಮೆರಿಕದವನಾದರೆ ಅವನ ಪ್ರೌಢಶಾಲೆಯ ವ್ಯಾಸಂಗ ಮುಗಿದು ಒಂದು ವರ್ಷವಾದರೂ ಕಳೆದಿರಬೇಕು. ಆದುದರಿಂದ ಹಲವರು ಕಾಲೇಜಿನಲ್ಲಿ ಒಂದೇ ವರ್ಷವಿದ್ದು ಹೊರಡುತ್ತಾರೆ. ಅವರ ವಾದವನ್ನು ತಳ್ಳಿಹಾಕುವಂತಿಲ್ಲ. ಆಟಗಾರನ ಆಯುಷ್ಯ ಕಿರಿದು. ಮೊಣಕಾಲಿಗೆ ಒಮ್ಮೆ ಪೆಟ್ಟಾದರೆ ಬಂದ ಅವಕಾಶವೂ ಕೈಜಾರೀತು. ಮನೆಯಲ್ಲಿ ಬಡತನವಿದ್ದರೆ ಕಾಯುವುದು ಇನ್ನೂ ಕಷ್ಟ. 2021ರಿಂದ ವಿದ್ಯಾರ್ಥಿ ಆಟಗಾರರು ತಮ್ಮ ಹೆಸರಿನ ಬಳಕೆಗೆ ಹಣ ಪಡೆಯಬಹುದಾದ್ದರಿಂದ ಈ ಒತ್ತಡ ತುಸು ತಗ್ಗಿದೆ.

ಕಾದವರೂ ಉಂಟು. ಟಿಮ್ ಡಂಕನ್ ತಾಯಿಗೆ ಕೊಟ್ಟ ಮಾತಿನಂತೆ ನಾಲ್ಕು ವರ್ಷ ಓದಿ ಪದವಿ ಪಡೆದು, 1997ರಲ್ಲಿ ವೃತ್ತಿಗಿಳಿದರು. ಅವರ ತಂಡ ಐದು ಬಾರಿ ಗೆದ್ದಿತು. 1992ರಲ್ಲಿ ಓದು ಮುಗಿಸದೆ ಹೊರಟ ಶಕೀಲ್ ಓನೀಲ್, 2000ದಲ್ಲಿ ಪದವಿಯನ್ನು ಪೂರೈಸಿದರು.

ನಮ್ಮಲ್ಲಿಯೂ ಇಂಥ ನಿದರ್ಶನವಿದೆ. ದಕ್ಷಿಣ ಕನ್ನಡದ ಬಿ. ವಿ. ಕಾರಂತರು ಹುಡುಗರಾಗಿದ್ದಾಗ ಮನೆ ಬಿಟ್ಟು ಓಡಿಬಂದು ಗುಬ್ಬಿ ಕಂಪನಿಯನ್ನು ಸೇರಿದರು. ವೀರಣ್ಣನವರು ಅವರನ್ನು ರಂಗದ ಕೆಲಸಕ್ಕಷ್ಟೇ ಕಟ್ಟಿಹಾಕಲಿಲ್ಲ, ಎಂ.ಎ. ಓದಲು ಕಾಶಿಗೆ ಕಳುಹಿಸಿದರು. ಅಲ್ಲಿ ಕಾರಂತರು ಓಂಕಾರನಾಥ ಠಾಕೂರರಲ್ಲಿ ಸಂಗೀತವನ್ನೂ ಕಲಿತರು. ಮುಂದೆ ದೆಹಲಿಯ ರಾಷ್ಟ್ರೀಯ ನಾಟಕ ಶಾಲೆಯಲ್ಲಿ ವಿದ್ಯಾರ್ಥಿಯಾಗಿದ್ದು, 1977ರಲ್ಲಿ ಅದರ ನಿರ್ದೇಶಕರೇ ಆದರು.

ಬೇಗ ಹೊರಟವನೆಲ್ಲ ಕೆಟ್ಟನೆಂದಾಗಲಿ, ಕಾದವನೆಲ್ಲ ಬಾಳಿದನೆಂದಾಗಲಿ ಹೇಳಲಾಗದು. ಆದರೆ ಹೊರಟವನಿಗೆ ಮರಳಿ ಓದುವ ದಾರಿ ತೆರೆದಿರಬೇಕು. ಅದನ್ನು ತೋರಿಸುವ ಹಿರಿಯರೂ ಬೇಕು. ಪ್ರತಿಭೆಯನ್ನು ದುಡಿಸಿಕೊಳ್ಳುವವರು ಎಲ್ಲೆಡೆ ಸಿಗುತ್ತಾರೆ. ಅದನ್ನು ಓದಿಸಿ ಬೆಳೆಸಿದ ವೀರಣ್ಣನವರಂಥವರು ವಿರಳ.