ಕತ್ತರಿಯ ಕೂಲಿ, ಕೈಯ ಕೊಸರು

ಭಾನುವಾರದ ಬೆಳಗು. ಚಳ್ಳಕೆರೆಯ ಪೇಟೆಯಲ್ಲಿ ಒಂದು ಕ್ಷೌರದ ಅಂಗಡಿ. ಬೆಂಚಿನ ಮೇಲೆ ನಾಲ್ಕೈದು ಮಂದಿ ತಮ್ಮ ಸರದಿಯನ್ನು ಕಾಯುತ್ತ ಕುಳಿತಿದ್ದಾರೆ. ಒಂದೇ ವೃತ್ತಪತ್ರಿಕೆಯ ಹಾಳೆಗಳು ಬೇರೆ ಬೇರೆಯಾಗಿ ಒಬ್ಬೊಬ್ಬರ ಕೈಸೇರಿವೆ. ಕುರ್ಚಿಯ ಎರಡು ತೋಳುಗಳ ಮೇಲೆ ಅಡ್ಡಲಾಗಿ ಇಟ್ಟ ಹಲಗೆಯ ಮೇಲೆ ಐದು ವರ್ಷದ ಪೋರನೊಬ್ಬ ಅಳುವೋ ನಗುವೋ ತಿಳಿಯದ ಮುಖ ಮಾಡಿಕೊಂಡು ಕನ್ನಡಿಯನ್ನೇ ದಿಟ್ಟಿಸುತ್ತಿದ್ದಾನೆ. ಅವನ ತಂದೆ ಬೆಂಗಳೂರಿನಿಂದ ಹೊಸದಾಗಿ ವರ್ಗವಾಗಿ ಬಂದ ಗೃಹಸ್ಥರು. ತಂದೆಯದೂ ಮಗನದೂ ಕ್ಷೌರ ಮುಗಿಯಿತು. ಗೃಹಸ್ಥರು ಜೇಬಿಗೆ ಕೈಹಾಕಿ ಕೇಳುತ್ತಾರೆ:

“ಎಷ್ಟಾಯಿತಪ್ಪಾ?”

“ಏನಿದೆ ಸ್ವಾಮಿ, ನೀವೇ ತಿಳಿದು ಕೊಡಿ.”

ಗೃಹಸ್ಥರು ತಬ್ಬಿಬ್ಬಾಗುತ್ತಾರೆ. ದರದ ಹಲಗೆ ಗೋಡೆಯ ಮೇಲೆ ಇದ್ದೇ ಇದೆ. ಅದರಲ್ಲಿ ಬರೆದಷ್ಟನ್ನು ಕೊಟ್ಟರೆ ಸಾಕೇ, ಅದರ ಮೇಲೆ ಇನ್ನಷ್ಟು ಕೊಡಬೇಕೇ? ಕೊಟ್ಟರೆ ದೊಡ್ಡಸ್ತಿಕೆ ಎಂದುಕೊಂಡಾರೆ? ಕೊಡದಿದ್ದರೆ ಜಿಪುಣತನ ಎಂದುಕೊಂಡಾರೆ? ಒಂದು ದಿನ ಕೊಟ್ಟರೆ ಪ್ರತಿ ತಿಂಗಳೂ ಕೊಡಬೇಕಾದೀತೇ? ಕತ್ತರಿ ಆಡುತ್ತಿದ್ದಷ್ಟು ಹೊತ್ತೂ ನೆಮ್ಮದಿಯಾಗಿದ್ದ ತಲೆ ಈಗ ಬಿಸಿಯಾಗತೊಡಗುತ್ತದೆ.

ಇದು ಒಬ್ಬರ ಕಥೆಯಲ್ಲ, ಒಂದೂರಿನ ಕಥೆಯೂ ಅಲ್ಲ. ಹೋಟೆಲಿನಲ್ಲಿ ಬಿಲ್ಲಿನ ತಟ್ಟೆಯಲ್ಲಿ ನಾಲ್ಕು ಕಾಸು ಬಿಟ್ಟು ಬರುವುದು ನಗರವಾಸಿಗಳಿಗೆ ರೂಢಿಯಾಗಿದೆ. ಆದರೆ ತಲೆಯನ್ನೇ ಒಪ್ಪಿಸಿ, ಕುತ್ತಿಗೆಯ ಬಳಿ ಹರಿತವಾದ ಕತ್ತಿ ಓಡಾಡುವಾಗ ಕಣ್ಣುಮುಚ್ಚಿ ನಂಬಿ ಕುಳಿತ ಮನುಷ್ಯನಿಗೆ ಏನು ಕೊಡಬೇಕೆಂಬುದರಲ್ಲಿ ಮಾತ್ರ ಒಮ್ಮತವಿಲ್ಲ.

ಕೊಸರೆಂಬ ಮಾತು

‘ಭಕ್ಷೀಸು’, ‘ಇನಾಮು’, ‘ಟಿಪ್ಸು’ ಎಂಬ ಪದಗಳೆಲ್ಲ ಹೊರಗಿನಿಂದ ಬಂದವು. ಮೊದಲೆರಡರಲ್ಲಿ ದರಬಾರಿನ ವಾಸನೆಯಿದೆ. ಮೇಲೆ ಕುಳಿತವನು ಕೆಳಗೆ ನಿಂತವನಿಗೆ ಸಂತೋಷಪಟ್ಟು ಎಸೆಯುವುದು ಎಂಬ ಧ್ವನಿಯಿದೆ. ಆದರೆ ಅಳತೆಗಿಂತ ಒಂದಿಷ್ಟು ಹೆಚ್ಚಾಗಿ ಕೊಡುವುದಕ್ಕೆ ಕನ್ನಡದಲ್ಲೇ ಒಂದು ಸೊಗಸಾದ ಮಾತುಂಟು. ಅದು ‘ಕೊಸರು’. ಸಂತೆಯಲ್ಲಿ ಸೊಪ್ಪು ಕೊಂಡ ಗೃಹಿಣಿ ಒಂದು ಹಿಡಿ ಕೊತ್ತಂಬರಿಯನ್ನು ಕೊಸರು ಕೇಳುತ್ತಾಳೆ. ಕಡಲೆಕಾಯಿ ಅಳೆದವನು ಸೇರು ತುಂಬಿದ ಮೇಲೆ ಒಂದು ಬೊಗಸೆಯನ್ನು ಕೊಸರು ಹಾಕುತ್ತಾನೆ. ಎಣ್ಣೆ ಗಿರಣಿಗಳಿಂದ ಹೆಸರಾದ ಚಳ್ಳಕೆರೆಯಂಥ ವ್ಯಾಪಾರದ ಊರಿನಲ್ಲಿ ಈ ಮಾತನ್ನು ಅರಿಯದವರಿಲ್ಲ.

ಕೊಸರಿನ ನಿಯಮ ಎರಡೇ. ಮೊದಲನೆಯದು, ಅಳತೆ ತುಂಬಿದ ಮೇಲೆಯೇ ಕೊಸರು. ಸೇರಿನಲ್ಲಿ ಕಡಿಮೆ ಅಳೆದು ಕೊಸರು ಹಾಕಿದರೆ ಅದು ಮೋಸ. ಎರಡನೆಯದು, ಕೊಸರಿನಿಂದ ಯಾರೂ ಚಿಕ್ಕವರಾಗುವುದಿಲ್ಲ. ಅದು ದಾನವಲ್ಲ, ವಿಶ್ವಾಸದ ಗುರುತು.

ಇಲ್ಲಿ ಒಂದು ಸಂಗತಿಯನ್ನು ಗಮನಿಸಬೇಕು. ಕ್ಷೌರದ ಅಂಗಡಿಯಲ್ಲಿ ಮೊದಲು ಕೊಸರು ಕೊಡುವವರು ಗಿರಾಕಿಗಳಲ್ಲ, ಕ್ಷೌರಿಕರು. ಕೂದಲು ಕತ್ತರಿಸಿದ್ದಕ್ಕಷ್ಟೇ ಹಣ. ಆದರೆ ಕಿವಿಯ ಅಂಚಿನ ರೋಮವನ್ನು ಒಪ್ಪವಾಗಿ ತೆಗೆಯುವುದು, ಮೀಸೆಯನ್ನು ಎರಡು ಕಡೆಯೂ ಸಮನಾಗಿ ತಿದ್ದುವುದು, ಕುತ್ತಿಗೆಗೆ ಪೌಡರು ಸವರುವುದು, ಕೊನೆಗೆ ನೆತ್ತಿಯನ್ನು ನಾಲ್ಕು ಸಲ ತಟ್ಟಿ ಹಗುರ ಮಾಡುವುದು, ಇವುಗಳಿಗೆ ದರದ ಹಲಗೆಯಲ್ಲಿ ಸಾಮಾನ್ಯವಾಗಿ ಬೆಲೆಯೇ ಇರುವುದಿಲ್ಲ. ಅಳುವ ಮಗುವನ್ನು ಗಿಳಿ, ಗುಬ್ಬಿ ಎಂದು ಹೇಳಿ ರಮಿಸುವುದಕ್ಕಂತೂ ಬೆಲೆ ಕಟ್ಟಿದವರಿಲ್ಲ. ಹೀಗಿರುವಾಗ ಪ್ರಶ್ನೆ ‘ಇನಾಮು ಕೊಡಬೇಕೇ?’ ಎಂಬುದಲ್ಲ; ‘ಪಡೆದ ಕೊಸರಿಗೆ ಪ್ರತಿಯಾಗಿ ಏನು ಮಾಡಬೇಕು?’ ಎಂಬುದು.

ಕಣದಲ್ಲಿ ದೊರೆಯುತ್ತಿದ್ದ ಆಯ

ಹಿಂದೆ ಈ ಪ್ರಶ್ನೆಯೇ ಏಳುತ್ತಿರಲಿಲ್ಲ. ಹಳ್ಳಿಯ ಹನ್ನೆರಡು ಆಯಗಾರರಲ್ಲಿ ಕ್ಷೌರಿಕನೂ ಒಬ್ಬನಾಗಿದ್ದನು. ಮೈಸೂರು ಸೀಮೆಯ ಚರಿತ್ರೆಯನ್ನು ಬರೆದು 1810ರಲ್ಲಿ ಅದರ ಮೊದಲ ಸಂಪುಟವನ್ನು ಪ್ರಕಟಿಸಿದ ಮಾರ್ಕ್ ವಿಲ್ಕ್ಸ್, ಗೌಡ, ಶಾನುಭೋಗ, ತಳವಾರ, ನೀರಗಂಟಿ, ಕಮ್ಮಾರ, ಬಡಗಿ, ಕುಂಬಾರ, ಅಗಸ ಮೊದಲಾದವರ ಸಾಲಿನಲ್ಲಿ ಕ್ಷೌರಿಕನನ್ನೂ ಎಣಿಸಿದ್ದಾನೆ. ವರ್ಷವಿಡೀ ಮಾಡಿದ ಸೇವೆಗೆ ಸುಗ್ಗಿಯ ಕಾಲದಲ್ಲಿ ಕಣದ ರಾಶಿಯಿಂದಲೇ ಪಾಲು ಅಳೆದುಕೊಡುವುದು ಪದ್ಧತಿ. ಅದು ಭಿಕ್ಷೆಯಲ್ಲ, ಆಯ. ಕೇಳಿ ಪಡೆಯುವ ಹಕ್ಕು. ಮದುವೆಯ ಮನೆಯಲ್ಲಿ ಉಗುರು ತೆಗೆಯುವ ಶಾಸ್ತ್ರ ನಡೆದಾಗ ವೀಳ್ಯದೆಲೆ, ಅಡಿಕೆ, ತೆಂಗಿನಕಾಯಿ, ಬಟ್ಟೆಗಳನ್ನು ಕೊಡುವುದು ಬೇರೆ. ಆಯವು ಅಳತೆಯಾದರೆ ಈ ಉಡುಗೊರೆಯೇ ಕೊಸರು.

ಆದರೆ ಹಳೆಯದೆಲ್ಲ ಚಿನ್ನವೆಂದು ಹೊಗಳುವುದೂ ಸರಿಯಲ್ಲ. ಮಳೆ ತಪ್ಪಿದ ವರ್ಷ ಕಣದಲ್ಲಿ ರಾಶಿಯೇ ಇಲ್ಲದಿದ್ದರೆ ಆಯವೂ ಇಲ್ಲ. ಚಿತ್ರದುರ್ಗದ ಬಯಲುಸೀಮೆಗೆ ಅಂಥ ವರ್ಷಗಳು ಅಪರೂಪವಲ್ಲ. ಕ್ಷೌರಿಕನ ಮಗ ಕ್ಷೌರಿಕನಾಗಿಯೇ ಉಳಿಯಬೇಕಾಗಿತ್ತು. ಊರಿನ ಹೊರಗೆ ಬಾಳುತ್ತಿದ್ದ ಜನರ ತಲೆಗೆ ಊರ ಕತ್ತರಿ ಮುಟ್ಟುತ್ತಿರಲಿಲ್ಲ. ಅಸ್ಪೃಶ್ಯತೆಯನ್ನು ಆಚರಿಸುವುದು 1955ರ ಕಾನೂನಿನಿಂದ ದಂಡನಾರ್ಹ ಅಪರಾಧವಾಯಿತು. ಬಾಗಿಲು ತೆರೆದ ಅಂಗಡಿ ಎಲ್ಲರಿಗೂ ತೆರೆದಿರಬೇಕೆಂಬುದು ಅದರ ಆಶಯ. ಈಗಿನ ದರದ ಹಲಗೆಯಲ್ಲಿ ಒಂದು ದೊಡ್ಡ ಗುಣವಿದೆ: ಜಾತಿ, ಅಧಿಕಾರ, ಅಂತಸ್ತು ಯಾವುದೂ ಅದರಲ್ಲಿ ಬರೆದಿರುವುದಿಲ್ಲ, ಎಲ್ಲ ತಲೆಗಳಿಗೂ ಒಂದೇ ಬೆಲೆ. ಮುಚ್ಚುಮರೆಯಿಲ್ಲದ ಆ ದರವನ್ನು ಚೌಕಾಸಿಯಿಲ್ಲದೆ ಕೊಡುವುದೇ ಮೊದಲನೆಯ ಮರ್ಯಾದೆ.

ಹಟ್ಟಿಯ ಸ್ವಾಮಿಯ ಲೆಕ್ಕ

ಈ ಮಾತಿಗೆ ಆಧಾರವನ್ನು ದೂರ ಹುಡುಕಬೇಕಾಗಿಲ್ಲ. ಚಳ್ಳಕೆರೆ ತಾಲ್ಲೂಕಿನಲ್ಲೇ ಇರುವ ನಾಯಕನಹಟ್ಟಿಯ ತಿಪ್ಪೇರುದ್ರಸ್ವಾಮಿಯ ಹೆಸರಿನೊಡನೆ ಒಂದು ನುಡಿ ಬೆಸೆದುಕೊಂಡಿದೆ: ‘ಮಾಡಿದಷ್ಟು ನೀಡು ಭಿಕ್ಷೆ’. ಸ್ವಾಮಿಯು ಕೆರೆಗಳನ್ನು ಕಟ್ಟಿಸುವಾಗ ಕೂಲಿಕಾರರಿಗೆ ಸಂಜೆ ಮರಳಿನ ಗುಪ್ಪೆಗಳನ್ನು ಮಾಡಲು ಹೇಳುತ್ತಿದ್ದನಂತೆ. ಗುಪ್ಪೆಯನ್ನು ಕೆದಕಿದಾಗ ಆ ದಿನ ಯಾರು ಎಷ್ಟು ದುಡಿದಿದ್ದರೋ ಅಷ್ಟೇ ಹಣ ಅವರಿಗೆ ದೊರೆಯುತ್ತಿತ್ತಂತೆ. ಫಾಲ್ಗುಣದ ಜಾತ್ರೆಯಲ್ಲಿ ತೇರೆಳೆಯಲು ಸೇರುವ ಅಪಾರ ಜನರಲ್ಲಿ ಈ ಐತಿಹ್ಯವನ್ನು ಕೇಳದವರು ಕಡಿಮೆ.

ಕಥೆಯ ಸಾರವನ್ನು ವಿಚಾರಿಸಿದರೆ, ಇಲ್ಲಿ ಇನಾಮಿಗೆ ಮೊದಲ ಸ್ಥಾನವಿಲ್ಲ. ದುಡಿಮೆಗೆ ತಕ್ಕ ಕೂಲಿ, ಅದೂ ಅದೇ ದಿನ, ಯಾರ ಮುಖ ನೋಡದೆ: ಇದೇ ಮೊದಲು. ದುಡಿಮೆಗೆ ತಕ್ಕ ಕೂಲಿಯಿಲ್ಲದೆ ಬರಿಯ ಭಕ್ಷೀಸಿನ ಮೇಲೆ ಬದುಕನ್ನು ನಿಲ್ಲಿಸುವುದು ಮರಳಿನ ಮೇಲೆ ಮನೆ ಕಟ್ಟಿದಂತೆ.

ಅಮೆರಿಕದಲ್ಲಿ ಇದಕ್ಕೆ ನಿದರ್ಶನವಿದೆ. ಅಲ್ಲಿ ಕ್ಷೌರಕ್ಕೂ ಊಟಕ್ಕೂ ನೂರಕ್ಕೆ 15ರಿಂದ 20ರವರೆಗೆ ಟಿಪ್ಸು ಕೊಡುವುದು ವಾಡಿಕೆ. ಟಿಪ್ಸು ಪಡೆಯುವ ಕೆಲಸಗಾರರಿಗೆ ಮಾಲೀಕನು ನೇರವಾಗಿ ಕೊಡಬೇಕಾದ ಕನಿಷ್ಠ ಕೂಲಿ ಅಲ್ಲಿನ ಕೇಂದ್ರ ಕಾನೂನಿನ ಪ್ರಕಾರ ಗಂಟೆಗೆ 2.13 ಡಾಲರು, 1991ರಿಂದ ಅದು ಏರಿಲ್ಲ. ಹಲವು ರಾಜ್ಯಗಳು ಇದಕ್ಕಿಂತ ಹೆಚ್ಚು ವಿಧಿಸಿವೆಯಾದರೂ ಮಾಲೀಕನ ಹೊಣೆ ಗಿರಾಕಿಯ ಹೆಗಲಿಗೆ ಜಾರಿದೆಯೆಂಬುದು ಸ್ಪಷ್ಟ. ಜಪಾನಿನಲ್ಲಾದರೋ ಟಿಪ್ಸಿನ ರೂಢಿಯೇ ಇಲ್ಲ; ಕೆಲಸವನ್ನು ಚೆನ್ನಾಗಿ ಮಾಡುವುದು ವೃತ್ತಿಯ ಧರ್ಮ, ಅದಕ್ಕೆ ಬೇರೆ ಬೆಲೆಯೇಕೆ ಎಂಬ ಭಾವ ಅಲ್ಲಿನದು. ಭಾರತದಲ್ಲಿ ಹೋಟೆಲುಗಳು ಬಿಲ್ಲಿನಲ್ಲಿ ಸೇವಾಶುಲ್ಕವನ್ನು ತಾವಾಗಿಯೇ ಸೇರಿಸಕೂಡದೆಂದು 2022ರ ಜುಲೈಯಲ್ಲಿ ಗ್ರಾಹಕ ಸಂರಕ್ಷಣಾ ಪ್ರಾಧಿಕಾರ ವಿಧಿಸಿತು. 2025ರ ಮಾರ್ಚಿಯಲ್ಲಿ ದೆಹಲಿಯ ಉಚ್ಚ ನ್ಯಾಯಾಲಯ ಅದನ್ನು ಎತ್ತಿಹಿಡಿಯಿತು. ಕೊಸರು ಕಡ್ಡಾಯವಾದರೆ ಅದು ಕೊಸರಾಗಿ ಉಳಿಯದು ಎಂಬುದೇ ಇದರ ತಾತ್ಪರ್ಯ.

ಇನ್ನು ಮೊಳಕಾಲ್ಮೂರಿನ ಕಡೆ ನೋಡಿದರೆ ಇದೇ ನ್ಯಾಯ ಇನ್ನೊಂದು ರೀತಿಯಲ್ಲಿ ಕಾಣುತ್ತದೆ. ಅಲ್ಲಿನ ಕೈಮಗ್ಗದ ರೇಷ್ಮೆ ಸೀರೆ ನಾಡಿನಲ್ಲೆಲ್ಲ ಪ್ರಸಿದ್ಧ. ನೇಕಾರನ ಎದುರು ಕುಳಿತು ಸೀರೆಗೆ ಐನೂರು ರೂಪಾಯಿ ಇಳಿಸುವವರೆಗೆ ಕೊಸರಾಡಿದ ಗೃಹಸ್ಥರು, ಅದೇ ದಿನ ಕ್ಷೌರಿಕನಿಗೆ ಇಪ್ಪತ್ತು ರೂಪಾಯಿ ಹೆಚ್ಚು ಕೊಟ್ಟು ಉದಾರಿಗಳೆಂದು ಹಿಗ್ಗಿದರೆ, ಲೆಕ್ಕ ಸರಿಹೋಯಿತೇ? ಕೊಸರು ಕೊಡುವ ಕೈ ಮೊದಲು ಕೂಲಿಯನ್ನು ಕತ್ತರಿಸದಿರುವ ಕೈಯಾಗಿರಬೇಕು.

ಯಾರಿಗೆ, ಎಷ್ಟು, ಹೇಗೆ?

ಹಾಗಾದರೆ ದರದ ಹಲಗೆಯ ಮೇಲೆ ಏನನ್ನೂ ಕೊಡಬೇಕಾಗಿಲ್ಲವೇ? ಕೊಡಬಹುದು, ಕೆಲವೆಡೆ ಕೊಡಲೇಬೇಕು.

ಸಣ್ಣ ಊರುಗಳಲ್ಲಿ ಹಲವು ವೇಳೆ ಕತ್ತರಿ ಹಿಡಿದವರೇ ಅಂಗಡಿಯ ಯಜಮಾನರು. ಅವರಿಗೆ ಹಲಗೆಯ ದರ ಪೂರ್ತಿ ಸಲ್ಲಿದರೆ ಸಾಕು. ಹಬ್ಬ ಹುಣ್ಣಿಮೆಗಳಲ್ಲಿ ಮನೆಯ ಸಿಹಿಯ ಜೊತೆಗೆ ಒಂದು ಉಡುಗೊರೆ ಸಲ್ಲಿದರೆ ಅದು ಚೆಂದ. ದೊಡ್ಡ ಅಂಗಡಿಗಳಲ್ಲಿ ಮಾತು ಬೇರೆ. ಅಲ್ಲಿ ಕೆಲಸ ಮಾಡುವವರು ಸಂಬಳಕ್ಕೋ ದುಡಿಮೆಯ ಪಾಲಿಗೋ ನಿಂತವರು. ಗಲ್ಲಾಪೆಟ್ಟಿಗೆಗೆ ಬಿದ್ದ ಹಣದಲ್ಲಿ ಅವರ ಭಾಗ ಸ್ವಲ್ಪವೇ. ಅಂಥವರ ಕೈಗೆ ದರದ ಹತ್ತನೆಯ ಒಂದು ಪಾಲನ್ನು ಇಟ್ಟರೆ ಅದು ಅತಿಯಾಗದು. ಕಾಯಿಲೆಯ ಮುದುಕರಿಗೆ ಮನೆಗೇ ಬಂದು ಹಾಸಿಗೆಯ ಮೇಲೆಯೇ ಕ್ಷೌರ ಮಾಡಿದವರಿಗೆ ಅಂಗಡಿಯ ದರವನ್ನೇ ಕೊಡುವುದು ಅನ್ಯಾಯ. ಅವರು ಬಂದು ಹೋದ ದಾರಿ, ಆ ಹೊತ್ತಿನಲ್ಲಿ ತಪ್ಪಿದ ಗಿರಾಕಿಗಳು, ನಡುಗುವ ಗಲ್ಲದ ಮೇಲೆ ಕತ್ತಿಯನ್ನು ಓಡಿಸಿದ ಎಚ್ಚರಿಕೆ, ಎಲ್ಲಕ್ಕೂ ಬೆಲೆಯಿದೆ. ಒಂದು ಲೋಟ ಕಾಫಿಯನ್ನು ಮನೆಯವರು ಕುಡಿಯುವ ಲೋಟದಲ್ಲಿಯೇ ಕೊಡುವುದೂ ಆ ಬೆಲೆಯಲ್ಲಿ ಸೇರಿದೆ.

ಕೊಡುವ ಬಗೆಯಲ್ಲಿ ಈಚೆಗೆ ಒಂದು ತೊಡಕು ಹುಟ್ಟಿದೆ. ನೋಟು ಚಿಲ್ಲರೆಗಳ ಕಾಲದಲ್ಲಿ ‘ಉಳಿದದ್ದು ಇರಲಿ’ ಎಂಬ ಒಂದೇ ಮಾತಿನಿಂದ ಕೊಸರು ಸದ್ದಿಲ್ಲದೆ ಕೈಸೇರುತ್ತಿತ್ತು. 2016ರಲ್ಲಿ ಯುಪಿಐ ಬಂದ ಮೇಲೆ ಮೊಬೈಲು ಫೋನನ್ನು ಚೌಕದ ಚಿತ್ರಕ್ಕೆ ಹಿಡಿದು ಪೈಸೆಗೆ ಪೈಸೆ ಸಲ್ಲಿಸುವುದು ಸಣ್ಣ ಊರುಗಳಿಗೂ ಹಬ್ಬಿದೆ. ಚಿಲ್ಲರೆ ಉಳಿಯುವುದಿಲ್ಲ, ‘ಇರಲಿ’ ಎನ್ನಲು ಅವಕಾಶವೂ ಇಲ್ಲ. ಅಧಿಕವಾಗಿ ಸಲ್ಲಿಸಿದರೂ ಅದು ಹೋಗುವುದು ಯಜಮಾನರ ಖಾತೆಗೆ, ಕತ್ತರಿ ಹಿಡಿದ ಹುಡುಗನ ಕೈಗಲ್ಲ. ಆದ್ದರಿಂದ ಕ್ಷೌರಕ್ಕೆ ಹೊರಡುವಾಗ ಜೇಬಿನಲ್ಲಿ ಹತ್ತಿಪ್ಪತ್ತು ರೂಪಾಯಿಯ ನೋಟನ್ನು ಇಟ್ಟುಕೊಳ್ಳುವುದು ಮೇಲು.

ಈ ಕಾಸಿನಿಂದ ಯಾರ ಬಡತನ ನೀಗೀತು ಎಂದು ಕೇಳುವವರಿದ್ದಾರೆ. 2020ರ ದಿನಗಳನ್ನು ನೆನೆಯಬೇಕು. ಸೋಂಕಿನ ಭಯದಿಂದ ಅಂಗಡಿಗಳು ಮುಚ್ಚಿದಾಗ, ದಿನದ ದುಡಿಮೆಯನ್ನೇ ನಂಬಿದ ಕ್ಷೌರಿಕರ ಮನೆಗಳಲ್ಲಿ ಒಲೆ ಉರಿಯುವುದು ಕಷ್ಟವಾಯಿತು. ಆ ವರ್ಷದ ಮೇ ತಿಂಗಳಲ್ಲಿ ರಾಜ್ಯ ಸರ್ಕಾರ ಸುಮಾರು 2,30,000 ಕ್ಷೌರಿಕರಿಗೂ 60,000 ಅಗಸರಿಗೂ ತಲಾ 5,000 ರೂಪಾಯಿಯ ನೆರವನ್ನು ಘೋಷಿಸಿತು. ಬೆಂಕಿ ಬಿದ್ದಾಗ ಬಾವಿ ತೋಡುವ ಬದಲು, ನಡೆಯುವ ದಿನಗಳಲ್ಲೇ ನ್ಯಾಯವಾದ ದರ ಸಂದಿದ್ದರೆ ಅಂಥ ಮನೆಗಳಲ್ಲಿ ಕಷ್ಟಕಾಲಕ್ಕೆ ನಾಲ್ಕು ಕಾಸು ಉಳಿದಿರುತ್ತಿತ್ತು. ವರ್ಷಕ್ಕೊಮ್ಮೆ ದರವೇರಿದಾಗ ‘ಇಷ್ಟೊಂದೇ?’ ಎಂದು ಹುಬ್ಬೇರಿಸದಿರುವುದು ಯಾವ ಭಕ್ಷೀಸಿಗೂ ಕಡಿಮೆಯಾದುದಲ್ಲ.

ಉಪಾಲಿಗೆ ದೊರೆತ ಇನಾಮು

ಹಣಕ್ಕಿಂತ ದೊಡ್ಡದೊಂದು ಮಾತು ಇನ್ನೂ ಉಳಿದಿದೆ. ಮೊಳಕಾಲ್ಮೂರು ತಾಲ್ಲೂಕಿನ ಬ್ರಹ್ಮಗಿರಿ, ಸಿದ್ದಾಪುರ, ಜಟಿಂಗ ರಾಮೇಶ್ವರಗಳಲ್ಲಿ ಅಶೋಕನ ಶಾಸನಗಳಿವೆ. ಅವನ್ನು 1892ರಲ್ಲಿ ಬೆಳಕಿಗೆ ತಂದವನು ಬಿ. ಎಲ್. ರೈಸ್. ಬ್ರಹ್ಮಗಿರಿಯ ಶಾಸನದಲ್ಲಿ ಅಪ್ಪಣೆಗೆ ಮೊದಲು ಇಸಿಲದ ಅಧಿಕಾರಿಗಳ ಆರೋಗ್ಯವನ್ನು ವಿಚಾರಿಸಲಾಗಿದೆ. ಕೊನೆಯಲ್ಲಿ ಅದನ್ನು ಬರೆದ ಲಿಪಿಕಾರ ಚಪಡನ ಹೆಸರೂ ಇದೆ. ಚಕ್ರವರ್ತಿಯ ಮಾತಿನೊಡನೆ ಕೈಕೆಲಸದವನ ಹೆಸರೂ ಬಂಡೆಯ ಮೇಲೆ ಉಳಿಯಿತು. ಅದೇ ಅಶೋಕನ ಒಂಬತ್ತನೆಯ ಬಂಡೆಶಾಸನ, ಮದುವೆ ಮುಂಜಿ ಕಾಯಿಲೆಗಳಲ್ಲಿ ಜನ ಮಾಡುವ ಮಂಗಳಾಚರಣೆಗಳಿಗಿಂತ ಸೇವಕರೊಡನೆ ಸರಿಯಾಗಿ ನಡೆದುಕೊಳ್ಳುವುದೇ ಹೆಚ್ಚಿನ ಮಂಗಳವೆಂದು ಸಾರುತ್ತದೆ.

ಅಶೋಕನು ನಂಬಿದ ಬುದ್ಧನ ಸಂಘದ ಕಥೆಗಳಲ್ಲಿ ಒಬ್ಬ ಕ್ಷೌರಿಕನೂ ಬರುತ್ತಾನೆ. ಅವನು ಉಪಾಲಿ. ಶಾಕ್ಯ ರಾಜಕುಮಾರರು ಸನ್ಯಾಸಕ್ಕೆಂದು ಹೊರಟಾಗ ತಮ್ಮ ಒಡವೆಗಳನ್ನೆಲ್ಲ ಗಂಟುಕಟ್ಟಿ ತಮ್ಮ ಕ್ಷೌರಿಕನಿಗೆ ಕೊಟ್ಟು, ಇದು ನಿನ್ನ ಜೀವನಕ್ಕೆ ಸಾಕೆಂದರು. ಕ್ಷೌರಿಕನೊಬ್ಬನಿಗೆ ಅಷ್ಟು ದೊಡ್ಡ ಇನಾಮು ಬೇರೆಲ್ಲೂ ಸಿಕ್ಕಿರಲಾರದು. ಉಪಾಲಿ ಆ ಗಂಟನ್ನು ಮರಕ್ಕೆ ತೂಗುಹಾಕಿ ಅವರ ಹಿಂದೆಯೇ ನಡೆದನು. ಆಗ ರಾಜಕುಮಾರರು ಬುದ್ಧನನ್ನು ಬೇಡಿಕೊಂಡರು: ಮೊದಲು ಉಪಾಲಿಗೆ ದೀಕ್ಷೆ ಕೊಡಬೇಕು, ಆಮೇಲೆ ತಾವು ಅವನಿಗೆ ಎದ್ದು ನಿಂತು ನಮಸ್ಕರಿಸುವಂತಾಗಬೇಕು, ಕುಲದ ಗರ್ವ ಇಳಿಯಬೇಕು. ಉಪಾಲಿಗೆ ನಿಜವಾಗಿ ದೊರೆತ ಇನಾಮು ಒಡವೆಯ ಗಂಟಲ್ಲ, ಆ ನಮಸ್ಕಾರ.

ಚಳ್ಳಕೆರೆಯ ಅಂಗಡಿಯಲ್ಲಿ ಜೇಬಿಗೆ ಕೈಹಾಕಿ ನಿಂತಿರುವ ಗೃಹಸ್ಥರಿಗೂ ಇಲ್ಲಿ ಉತ್ತರವಿದೆ. ಹಲಗೆಯ ಮೇಲಿನ ದರ ಮೊದಲು. ಅದರಲ್ಲಿ ಒಂದು ಕಾಸೂ ಕಡಿಮೆಯಾಗದಿರಲಿ. ಅಳುವ ಮಗುವನ್ನು ರಮಿಸಿದ ಕೈಗೆ ಒಂದು ನೋಟು ಆಮೇಲೆ. ಮಗನ ಕೈಯಿಂದಲೇ ಅದನ್ನು ಕೊಡಿಸಬಹುದು. ಇವೆರಡಕ್ಕೂ ಮುಂಚೆ, ‘ಎಷ್ಟಾಯಿತಪ್ಪಾ’ ಎಂಬ ಮಾತು ‘ಎಷ್ಟಾಯಿತು ಹೇಳಿ’ ಎಂದಾಗಲಿ. ಕೊಡುವುದು ಹೇಗೆಂಬುದನ್ನು ಮಗು ಹಲಗೆಯ ಮೇಲೆ ಕುಳಿತೇ ಕಲಿಯುತ್ತದೆ.