ರೋಗದ ತೆಂಗಿಗೆ ಮೂರು ಚಿತ್ರ

ನಿಟ್ಟೂರು ಹೋಬಳಿಯ ರೈತ ಬಾಂಧವರೇ,

ತೆಂಗಿನ ಮರದಿಂದ ಕೆಂಗಂದು ರಸ ಒಸರುವುದನ್ನು ಕಂಡೊಡನೆ ನೀವು ಮೊಬೈಲಿನಲ್ಲಿ ಚಿತ್ರ ತೆಗೆದು ತಿಳಿದವರಿಗೆ ಕಳುಹಿಸುತ್ತೀರಿ. ಒಳ್ಳೆಯದೇ. ಆದರೆ ಗಾಯವೊಂದೇ ಕಾಣುವ ಚಿತ್ರದಿಂದ ರೋಗ ತಿಳಿಯುವುದು ಕಷ್ಟ. ಕಾಂಡ ಸೋರುವ ರೋಗದಲ್ಲಿಯೂ ರಸ ಬರುತ್ತದೆ, ಅಣಬೆ ರೋಗದಲ್ಲಿಯೂ ಬರುತ್ತದೆ. ಅಣಬೆ ರೋಗದಲ್ಲಿ ಸೋರಿಕೆ ಬುಡದಿಂದ ಮೇಲಕ್ಕೇರುತ್ತದೆ. ರೋಗವು ಮಣ್ಣಿನ ಮೂಲಕ ನೆರೆಮರಗಳಿಗೂ ಹಬ್ಬುತ್ತದೆ. ಆದುದರಿಂದ ಒಂದು ಮರಕ್ಕೆ ಮೂರು ಚಿತ್ರ ಬೇಕು.

ಮೊದಲನೆಯದು: ದೂರ ನಿಂತು, ಮೊಬೈಲನ್ನು ನೆಟ್ಟಗೆ ಹಿಡಿದು, ಬುಡದಿಂದ ಸುಳಿಯವರೆಗೆ ಇಡೀ ಮರವನ್ನು ತೆಗೆಯಿರಿ. ಪಕ್ಕದ ಒಳ್ಳೆಯ ಮರವೊಂದು ಅಂಚಿನಲ್ಲಿ ಬಂದರೆ ಹೋಲಿಸಿ ನೋಡಲು ಅನುಕೂಲ.

ಎರಡನೆಯದು: ನೆಲದಿಂದ ಆಳೆತ್ತರದವರೆಗೆ ಕಾಂಡ. ಗಾಯ ನೆಲದಿಂದ ಎಷ್ಟು ಮೇಲಿದೆ ಎಂಬುದು ತೋರಬೇಕು. ಬುಡದ ಕಸ ಸರಿಸಿ. ಅಣಬೆಯಿದ್ದರೆ ಚಿತ್ರ ತೆಗೆಯುವ ಮುನ್ನ ಕೀಳಬೇಡಿ.

ಮೂರನೆಯದು: ಹತ್ತಿರದಿಂದ ಗಾಯ. ಪಕ್ಕದಲ್ಲಿ ಬೆಂಕಿಪೊಟ್ಟಣ ಹಿಡಿದರೆ ಗಾಯದ ಅಳತೆ ತಿಳಿಯುತ್ತದೆ.

ಸೂರ್ಯ ನಿಮ್ಮ ಬೆನ್ನ ಹಿಂದಿರಲಿ. ಎದುರಿಗಿದ್ದರೆ ಕಾಂಡ ಕಪ್ಪಾಗಿ ರಸದ ಬಣ್ಣವೇ ಕಾಣದು. ನಿಮ್ಮ ನೆರಳು ಗಾಯದ ಮೇಲೆ ಬೀಳದಂತೆ ಕೊಂಚ ಪಕ್ಕಕ್ಕೆ ನಿಲ್ಲಿರಿ. ಮೊಣಕೈಗಳನ್ನು ಪಕ್ಕೆಗೊತ್ತಿ, ಕೈ ಅಲುಗದಂತೆ ತೆಗೆಯಿರಿ.

ಮೂರನ್ನೂ ಒಟ್ಟಿಗೆ ತೋಟಗಾರಿಕೆ ಅಧಿಕಾರಿಗಳಿಗೋ ತಿಪಟೂರು ತಾಲ್ಲೂಕು ಕೊನೇಹಳ್ಳಿಯ ಕೃಷಿ ವಿಜ್ಞಾನ ಕೇಂದ್ರಕ್ಕೋ ತೋರಿಸಿರಿ. ಚಿತ್ರವು ತೋಟದ ಪರೀಕ್ಷೆಗೆ ಬದಲಲ್ಲ. ಆದರೆ ಸರಿಯಾದ ಚಿತ್ರ ಬೇಗ ತಲುಪಿದರೆ, ಸುತ್ತಲಿನ ಮರಗಳನ್ನು ಉಳಿಸಿಕೊಳ್ಳಲು ಕಾಲವಿರುತ್ತದೆ.